ಆ ಬಸ್ಸಿನ ಹಿಂದಿನ ಚಕ್ರ ನೋಡಿದಿರಾ?

ನಿನ್ನೆ ರಾತ್ರಿಯಿಂದ ಒಂದೇ ವಿಡಿಯೋ ಎಲ್ಲ ಗ್ರೂಪಿನಲ್ಲೂ ಓಡಾಡುತ್ತಿದೆ. ಸೇತುವೆ ಮೇಲೆ ಕೆಂಪು ನೀರು ಹರಿಯುತ್ತಿದೆ. ಕಂಬಿಗಳ ತುದಿ ಮಾತ್ರ ಕಾಣುತ್ತಿದೆ. ಬಸ್ಸೊಂದು ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ಸೀದಾ ನುಗ್ಗಿ ಆಚೆ ದಡ ಸೇರುತ್ತದೆ. ಶಿಳ್ಳೆ, ಚಪ್ಪಾಳೆ. ಕೆಳಗೆ ಕಾಮೆಂಟು: "ಇದಪ್ಪಾ ಅನುಭವ ಅಂದ್ರೆ!" "ಡ್ರೈವರಣ್ಣಂಗೆ ಒಂದು ಸಲಾಂ." "ಗಂಡೆದೆ ಗುರು."

ಸ್ವಾಮಿ, ಅದನ್ನೇ ಇನ್ನೊಂದ್ಸಲ ನೋಡಿ. ಈ ಸಲ ಹಿಂದಿನ ಚಕ್ರದ ಮೇಲೆ ಕಣ್ಣಿಡಿ. ಸೇತುವೆಯ ನಡುಮಧ್ಯೆ ಬಸ್ಸಿನ ಹಿಂಭಾಗ ಅಡ್ಡಕ್ಕೆ ಜಾರುತ್ತದೆ. ಜಾಸ್ತಿ ಏನಿಲ್ಲ, ಒಂದು ಗೇಣು ಇರಬಹುದು. ನೀರು ಬರುವ ಬದಿಯಲ್ಲಿ ಬಸ್ಸಿನ ಮೈಗೆ ನೀರು ಗುಡ್ಡೆಯಾಗಿ ಏರಿದೆ, ಆಚೆ ಬದಿಯಲ್ಲಿ ತಗ್ಗು ಬಿದ್ದಿದೆ. ಆ ಒಂದು ಗೇಣು ಎರಡು ಮಾರು ಯಾಕೆ ಆಗಲಿಲ್ಲ ಅಂತ ಡ್ರೈವರಿಗೂ ಗೊತ್ತಿಲ್ಲ, ಶಿಳ್ಳೆ ಹೊಡೆದವರಿಗೂ ಗೊತ್ತಿಲ್ಲ. ಇದಕ್ಕೆ ಅನುಭವ ಅಂತ ಹೆಸರು!

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ನದಿ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಗ್ರಾಫ್ ನೋಡುತ್ತಾ ಕೂರುವುದೇ ನನ್ನ ಹೊಟ್ಟೆಪಾಡು. ಅದಕ್ಕೇ ಇಂಥದ್ದನ್ನು ನೋಡಿದರೆ ಮೈ ಉರಿಯುತ್ತದೆ. ಜೋರಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೆ ಸಾಕು, ದೊಡ್ಡವರೇ ಕಾಲು ತಪ್ಪಿ ಬೀಳುತ್ತಾರೆ. 30 ಸೆಂಟಿಮೀಟರಿಗೆ ಸಣ್ಣ ಕಾರು ಹೋಯಿತು. 60 ಆದರೆ ದೊಡ್ಡ ಎಸ್‌ಯುವಿಯೂ ನಿಲ್ಲುವುದಿಲ್ಲ. ಕಾರು ಭಾರ ಇದೆ ಅಂತ ಧೈರ್ಯ ಬೇಡ, ಅದರ ಹೊಟ್ಟೆ ತುಂಬಾ ಇರುವುದು ಗಾಳಿ. ನೀರು ಮೊದಲು ಮೇಲಕ್ಕೆ ಎತ್ತುತ್ತದೆ. ಟೈರಿಗೆ ನೆಲದ ಹಿಡಿತ ತಪ್ಪಿದ ಮೇಲೆ ಪಕ್ಕಕ್ಕೆ ತಳ್ಳುತ್ತದೆ. ನೀರಿನ ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು. ಹಾಗಾಗಿ ನಿನ್ನೆ ದಾಟಿದ ಆಳದಲ್ಲೇ ಇವತ್ತು ಕೊಚ್ಚಿಹೋಗಬಹುದು. ಇನ್ನು ಕೆಳಗೆ ರಸ್ತೆ ಇದೆಯೋ ಕೊರೆದುಹೋಗಿದೆಯೋ, ಆ ಕೆಂಪು ನೀರಿನಲ್ಲಿ ಯಾವ ಅನುಭವಸ್ಥನಿಗೆ ಕಾಣುತ್ತದೆ?

ಒಂದು ನಿಜ ಹೇಳಿಬಿಡುತ್ತೇನೆ. ಬಸ್ಸು ಆಚೆ ದಡ ಹತ್ತಿದಾಗ ನನ್ನ ಬಾಯಿಂದಲೂ "ಅಬ್ಬಾ" ಬಂತು. ಖುಷಿಯಾಯಿತು. ಒಳಗೆ ಜನ ಇದ್ದರಲ್ಲ! ಆ ಖುಷಿಯ ಬಗ್ಗೆ ತಕರಾರಿಲ್ಲ. ಆದರೆ ಬದುಕಿ ಬಂದರು ಅಂದ ಮಾತ್ರಕ್ಕೆ ಲೆಕ್ಕ ಸರಿಯಾಗಿ ಹಾಕಿದ್ದರು ಅಂತ ಆಗುವುದಿಲ್ಲ, ಅಲ್ವಾ?

ಅಮೆರಿಕದ ಕೊಲೊರಾಡೊದಲ್ಲಿ ಬಿಗ್ ಥಾಮ್ಸನ್ ಅಂತ ಒಂದು ನದಿ. ಕಿರಿದಾದ ಕಣಿವೆ, ನದಿಗೆ ಅಂಟಿಕೊಂಡೇ ರಸ್ತೆ. 1976ರ ಜುಲೈ 31ರ ಸಂಜೆ ಕಣಿವೆಯ ಮೇಲ್ಭಾಗದಲ್ಲಿ ಮೋಡ ಕದಲದೆ ನಿಂತು ಸುರಿಯಿತು. ನಾಲ್ಕು ಗಂಟೆಯಲ್ಲಿ ಸುಮಾರು 30 ಸೆಂಟಿಮೀಟರ್ ಮಳೆ. ಕೆಳಭಾಗದಲ್ಲಿ ಮಳೆ ಅಷ್ಟಿರಲಿಲ್ಲ. ಇಲ್ಲಿ ಏನೂ ಇಲ್ವಲ್ಲ ಅಂತ ಇದ್ದವರ ಮೇಲೆ ನೀರು ಬಂತು. 140ಕ್ಕೂ ಹೆಚ್ಚು ಜನ ಸತ್ತರು. ಕಾರು ಓಡಿಸಿಕೊಂಡು ಕಣಿವೆಯಿಂದ ಹೊರಬೀಳಲು ನೋಡಿದ ಎಷ್ಟೋ ಜನ ಸಿಕ್ಕಿಬಿದ್ದರು. ಕಾರನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತಿದವರು ಉಳಿದರು. ಆಮೇಲೆ ಅಲ್ಲಿನ ಕಣಿವೆ ರಸ್ತೆಗಳಲ್ಲಿ ಬೋರ್ಡ್ ಹಾಕಿದರು: ದಿಢೀರ್ ಪ್ರವಾಹ ಬಂದರೆ ಮೇಲಕ್ಕೆ ಹತ್ತಿ. ಇಷ್ಟು ಸರಳ ಮಾತು. ಆದರೆ ಸಾಲ ಮಾಡಿ ತಗೊಂಡ ಕಾರನ್ನು ಬಿಟ್ಟು ಹತ್ತಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ?

ಹಿಮದಲ್ಲಿ ಈ "ಏನಾಗಲ್ಲ ಬಾ" ಅನ್ನುವ ಅನುಭವ ಇನ್ನೂ ದೊಡ್ಡ ಮೋಸ ಮಾಡುತ್ತದೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಹುಚ್ಚಿನವರಿಗೆ ಜಾರಲು ಬೇಕಾದ್ದೂ ಅಂಥದೇ ಇಳಿಜಾರು, ನೋಡಿ. ಮೇಲೆ ಬಿಗಿಯಾದ ಪದರ, ಅಡಿಯಲ್ಲಿ ಸಕ್ಕರೆ ಹರಳಿನಂತೆ ಒಂದಕ್ಕೊಂದು ಅಂಟದ ಪದರ. ಹೊರಗಿನಿಂದ ಎಲ್ಲ ಬಿಳಿ, ನುಣುಪು, ಚೆಂದ. ಒಬ್ಬ ಹೋದ, ಏನೂ ಆಗಲಿಲ್ಲ. ಇನ್ನೊಬ್ಬ ಹೋದ, ಏನೂ ಆಗಲಿಲ್ಲ. ಮೂರನೆಯವನು ಪದರ ತೆಳುವಾಗಿರುವ ಕಡೆ ಕಾಲಿಟ್ಟ, ಇಡೀ ಇಳಿಜಾರೇ ಬಿರುಕುಬಿಟ್ಟು ಕೆಳಗೆ ಬಂತು. ಮೋಜಿಗೆ ಹೋದವರು ಸತ್ತ ಹಿಮಕುಸಿತಗಳಲ್ಲಿ ಸುಮಾರು ಶೇ. 90ರಷ್ಟನ್ನು ಎಬ್ಬಿಸಿದ್ದು ಸಿಕ್ಕಿಬಿದ್ದವರೇ, ಇಲ್ಲವೇ ಅವರ ಜೊತೆಗಿದ್ದವರೇ. ಉರುಳುವಾಗ ಸಡಿಲವಾಗಿದ್ದ ಹಿಮ ನಿಂತ ಕೂಡಲೇ ಎಷ್ಟು ಬಿಗಿಯುತ್ತದೆ ಅಂದರೆ ಕೈ ಅಲ್ಲಾಡಿಸಲೂ ಆಗುವುದಿಲ್ಲ. ಹತ್ತು ಹದಿನೈದು ನಿಮಿಷದೊಳಗೆ ಅಗೆದು ತೆಗೆದರೆ ಬದುಕುವ ಆಸೆ ಇದೆ. ಅರ್ಧ ಗಂಟೆ ದಾಟಿದರೆ ಆಸೆ ತೀರಾ ಕಡಿಮೆ. ಹೆಲಿಕಾಪ್ಟರ್ ಬರುವಷ್ಟರಲ್ಲಿ ಸಾಮಾನ್ಯವಾಗಿ ಕಥೆ ಮುಗಿದಿರುತ್ತದೆ.

ಇದನ್ನು ಹೇಳಿದರೆ "ಯೋಧ ಹನುಮಂತಪ್ಪ ಕೊಪ್ಪದ ಹಿಮದಡಿ ಆರು ದಿನ ಬದುಕಿರಲಿಲ್ವಾ?" ಅಂತ ಕೇಳುವವರೂ ಇದ್ದಾರೆ. ಕೇಳಿದ ಕೂಡಲೇ ನನಗೆ ಎದ್ದು ಹೋಗಬೇಕು ಅನ್ನಿಸುತ್ತದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕಿದವರು ಹತ್ತು ಯೋಧರು. ಆರು ದಿನದ ಮೇಲೆ ಜೀವಂತ ಸಿಕ್ಕವರು ಅವರೊಬ್ಬರೇ. ಅವರೂ 11ರಂದು ತೀರಿಕೊಂಡರು. ಉಳಿದ ಒಂಬತ್ತು ಜನರನ್ನು ಲೆಕ್ಕದಿಂದ ಬಿಟ್ಟು ಮಾತಾಡುತ್ತೀರಲ್ಲ! ಅವರು ಕರ್ತವ್ಯಕ್ಕೆ ಹೋದವರು. ಸೆಲ್ಫಿಗೆ ಹೋಗುವವರು ದಯವಿಟ್ಟು ಆ ಹೆಸರು ಎತ್ತಬೇಡಿ.

"ಹಾಗಾದ್ರೆ ಮಳೆ ಬಂದಾಗಲೆಲ್ಲ ಬಾಗಿಲು ಹಾಕ್ಕೊಂಡು ಕೂರಬೇಕಾ? ರೆಡ್ ಅಲರ್ಟ್ ಕೊಟ್ಟ ದಿನವೇ ಬಿಸಿಲು ಹೊಡೆಯುತ್ತೆ" ಅಂತ ಒಬ್ಬರು ಬರೆದಿದ್ದಾರೆ. ಮುನ್ಸೂಚನೆ ತಪ್ಪುತ್ತದೆ, ನಿಜ. ಗುಡುಗು ಮಳೆ ಯಾವ ಊರಿನ ನೆತ್ತಿ ಮೇಲೆ ಸುರಿಯುತ್ತದೆ ಅಂತ ಹಿಂದಿನ ದಿನವೇ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅದಕ್ಕೇ ದೊಡ್ಡ ಪ್ರದೇಶಕ್ಕೆ ಎಚ್ಚರಿಕೆ ಕೊಡುತ್ತಾರೆ. ಎಲ್ಲೋ ಒಂದು ಮೂಲೆಯಲ್ಲಿ ಬೀಳುತ್ತದೆ, ಉಳಿದ ಕಡೆ ಜನ ಬೈಯುತ್ತಾರೆ. ಡ್ರೈವರಿಗೂ ಒತ್ತಡ ಇರುತ್ತದೆ, ಹಿಂದೆ ಕೂತವರು "ಹೋಗಣ್ಣ, ಏನಾಗಲ್ಲ" ಅನ್ನುತ್ತಿರುತ್ತಾರೆ. ಆಯ್ತು, ಒಪ್ಪಿದೆ. ಈಗ ಹೇಳಿ, ಕಣ್ಣೆದುರೇ ಸೇತುವೆ ಕಂಬಿ ಮುಳುಗಿರುವಾಗ ಯಾವ ಮುನ್ಸೂಚನೆ ಬೇಕಿತ್ತು?

ನದಿ ಏರಲು ನಿಮ್ಮ ತಲೆ ಮೇಲೇ ಮಳೆ ಬರಬೇಕು ಅಂತಲೂ ಇಲ್ಲ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಕೊಚ್ಚಿಹೋದರು. 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ಪ್ರವಾಹಕ್ಕೆ ಕಾರಣ ಮಳೆಯೇ ಅಲ್ಲ. ಬೆಟ್ಟದ ಮೇಲಿನಿಂದ ಬಂಡೆ, ಹಿಮ ಎರಡೂ ಒಟ್ಟಿಗೆ ಕಳಚಿ ಬಿದ್ದು ಕಣಿವೆ ತುಂಬಾ ಕೆಸರು ನೀರು ನುಗ್ಗಿತು. ಸತ್ತವರು, ಕಾಣೆಯಾದವರು ಸೇರಿ 200ಕ್ಕೂ ಹೆಚ್ಚು.

ನದಿ ಪಕ್ಕ ಸುಮ್ನೆ ಕೂತಿರುವಾಗ ತಿಳಿಯಾಗಿದ್ದ ನೀರು ಕದಡಿದರೆ, ಎಲೆ ಕಡ್ಡಿ ಜಾಸ್ತಿ ತೇಲಿ ಬಂದರೆ, ಸದ್ದು ಬದಲಾದರೆ ಎದ್ದು ಮೇಲೆ ಹೋಗಿ. ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಇನ್ನೂ ಬೇಗ ಹೋಗಿ. ಮೇಲೆಲ್ಲೋ ಮಣ್ಣು ಕುಸಿದು ನದಿಯನ್ನು ತಡೆದಿರಬಹುದು, ಅದು ಒಡೆದರೆ ಮುಗಿಯಿತು. ಚಪ್ಪಲಿ ಆಮೇಲೆ ಹುಡುಕಿದರಾಯಿತು.

ನನ್ನನ್ನು ಹೆದರುಪುಕ್ಕಲ ಅಂದಿದ್ದೀರಿ. ಹೌದು, ಹೆದರುಪುಕ್ಕಲನೇ. ಇಷ್ಟು ವರ್ಷ ನೀರಿನ ಪಕ್ಕದಲ್ಲೇ ಕೆಲಸ ಮಾಡಿದರೂ ತುಂಬಿ ಹರಿಯುವ ನದಿಯ ಅಂಚಿಗೆ ಬಂದರೆ ಈಗಲೂ ಮೊಣಕಾಲು ಸಡಿಲವಾಗುತ್ತದೆ. ಆ ಭಯ ಹೋಗಬಾರದು ಅಂತಲೇ ನನ್ನ ಆಸೆ.

ಸಿಡಿಲಿನ ಬಗ್ಗೆಯೂ ಒಂದು ಮಾತು, ಯಾಕಂದರೆ ಅಲ್ಲೂ ಇದೇ ರಾಗ. ಭಾರತದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ಆದರೆ ಲೆಕ್ಕ ಹಾಕುತ್ತಾ ಬಯಲಲ್ಲಿ ನಿಲ್ಲಬೇಡಿ. ಗುಡುಗು ಕೇಳಿಸಿತು ಅಂದರೆ ನೀವು ಅದರ ಕೈಗೆ ಸಿಗುವಷ್ಟು ಹತ್ತಿರ ಇದ್ದೀರಿ. ಗಟ್ಟಿ ಕಟ್ಟಡದೊಳಗೆ, ಇಲ್ಲದಿದ್ದರೆ ಗಾಜು ಏರಿಸಿದ ಕಾರಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಗೆ ಬರಬೇಡಿ. ಒಂಟಿ ಮರದ ಕೆಳಗಂತೂ ಬೇಡವೇ ಬೇಡ. "ನಾವು ಚಿಕ್ಕಂದಿನಿಂದ ಮರದ ಕೆಳಗೇ ನಿಂತಿದೀವಿ, ಏನಾಗಿದೆ?" ಅಂತ ಯಾರಾದರೂ ಬರೆದೇ ಬರೆಯುತ್ತೀರಿ, ಗೊತ್ತು. ಬರೆಯಿರಿ. ಮರದ ಕೆಳಗೆ ನಿಂತು ಸತ್ತವರು ಕಾಮೆಂಟ್ ಹಾಕುವುದಿಲ್ಲವಲ್ಲ.