ಮೈಗ್ರೇಶನ್ ಬೆಂಬಲ ಮೊದಲ ದಿನದ ಕೆಲಸ

ಎಕ್ಸ್86 ಬಗೆಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಒಂದು ಆರ್ಮ್ ವರ್ಚುವಲ್ ಮಷೀನನ್ನು (ಬೇರೆ ಬಗೆಯ ಆರ್ಮ್ ಪ್ರೊಸೆಸರಿನ, ಸಾಫ್ಟ್‌ವೇರಿನಿಂದಲೇ ಮಾಡಿದ ಕಂಪ್ಯೂಟರನ್ನು) ಅರ್ಧದಲ್ಲಿ ನಿಲ್ಲಿಸಿ, ಅದರ ಸ್ಥಿತಿಯನ್ನೆಲ್ಲ ಒಂದು ಫೈಲಿಗೆ ಬರೆದು, ಆ ಫೈಲನ್ನು ಆರ್ಮ್ ಪ್ರೊಸೆಸರ್ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದೆ. ಹತ್ತು ಸಲದಲ್ಲಿ ಒಂಬತ್ತು ಸಲ ಯಂತ್ರ ನಿಂತ ಜಾಗದಿಂದಲೇ ಮುಂದುವರಿಯಿತು. ಹತ್ತನೆಯ ಸಲ ಕನ್ಸೋಲಿನಲ್ಲಿ ಲಿನಕ್ಸ್ ಕರ್ನಲ್ಲಿನ 'ನೋಬಡಿ ಕೇರ್ಡ್' ಎಂಬ ಸಂದೇಶ ಬಂದು, ಗೆಸ್ಟಿನ, ಅಂದರೆ ಆ ವರ್ಚುವಲ್ ಮಷೀನಿನ, ಗಡಿಯಾರ ಅಲ್ಲಿಗೇ ನಿಂತುಹೋಯಿತು. ಅದನ್ನು ಓಡಿಸುವ ನಿಜವಾದ ಕಂಪ್ಯೂಟರುಗಳಾದ ಎರಡು ಹೋಸ್ಟ್‌ಗಳ ಪ್ರೊಸೆಸರ್ ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣವೆಂದು ನಂಬಿ ಎರಡು ದಿನ ಹುಡುಕಿದೆ. ಕಾರಣ ಅದಾಗಿರಲಿಲ್ಲ. ಅದನ್ನು ಹೇಳುವ ಮೊದಲು, ಇಂಥ ವರ್ಗಾವಣೆ, ಅಂದರೆ ಮೈಗ್ರೇಶನ್, ಸಾಧ್ಯವಾಗುವುದಾದರೂ ಹೇಗೆ ಎಂಬುದನ್ನು ನೋಡಬೇಕು.

ಫ್ಯಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಹೊರತಂದ ಕ್ಯೂಎಮು ಎಂಬ ಎಮ್ಯುಲೇಟರ್ ಒಂದು ಪ್ರೊಸೆಸರಿನ ಆದೇಶಗಳನ್ನು ಓಡುತ್ತಿರುವಾಗಲೇ ಇನ್ನೊಂದು ಪ್ರೊಸೆಸರಿನ ಆದೇಶಗಳಾಗಿ ಅನುವಾದಿಸುತ್ತದೆ. ಈಗ ಆ ಕೆಲಸ ಮಾಡುವ ಭಾಗಕ್ಕೆ ಟಿಸಿಜಿ ಎಂದು ಹೆಸರು. ಅನುವಾದವಾದ ಕೋಡ್ ಹೋಸ್ಟಿಗೆ ಸೇರಿದ್ದು, ಆದ್ದರಿಂದ ಮೈಗ್ರೇಶನ್ ಸಮಯದಲ್ಲಿ ಅದನ್ನು ಕಳುಹಿಸುವುದೇ ಇಲ್ಲ. ತಲುಪಿದ ಕಡೆಯ ಟಿಸಿಜಿ ಅದೇ ಗೆಸ್ಟ್ ಕೋಡನ್ನು ತನ್ನ ಪ್ರೊಸೆಸರಿಗೆ ಹೊಸದಾಗಿ ಅನುವಾದಿಸಿಕೊಳ್ಳುತ್ತದೆ. ಪ್ರಯಾಣ ಮಾಡುವುದು ಗೆಸ್ಟಿನ ಮೆಮೊರಿ, ಅದರ ರಿಜಿಸ್ಟರುಗಳು (ಪ್ರೊಸೆಸರಿನೊಳಗೆ ಅಂಕಿಗಳನ್ನಿಡುವ ಸಣ್ಣ ಜಾಗಗಳು) ಮತ್ತು ಅದರ ಸಾಧನಗಳ ಒಳಸ್ಥಿತಿ ಮಾತ್ರ. ಈ ಸ್ಥಿತಿಯಲ್ಲಿರುವ ಅಂಕಿಗಳನ್ನು ಬರೆಯುವಾಗ ಹೋಸ್ಟಿನ ಬೈಟ್ ಕ್ರಮ (ಒಂದು ಅಂಕಿಯ ಬೈಟುಗಳನ್ನು ಮೆಮೊರಿಯಲ್ಲಿ ಇಡುವ ಕ್ರಮ) ಯಾವುದೇ ಇರಲಿ, ದೊಡ್ಡ ಬೆಲೆಯ ಬೈಟನ್ನೇ ಮೊದಲು ಇಡುತ್ತಾರೆ. ಆರ್ಮ್ ಗೆಸ್ಟಿನ ಒಂದು ರಿಜಿಸ್ಟರಿನಲ್ಲಿ ಏನಿದೆ ಎಂಬುದು ಎಕ್ಸ್86 ಮೇಲೂ ಒಂದೇ, ಐಬಿಎಂ ಮೇನ್‌ಫ್ರೇಮಿನ ಎಸ್390ಎಕ್ಸ್ ಮೇಲೂ ಒಂದೇ.

ಲಿನಕ್ಸಿನೊಳಗೇ ಇರುವ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಕೆವಿಎಂ ಬಳಸುವವರು ಇದೇ ಸೌಲಭ್ಯವನ್ನು ಕೇಳುವುದುಂಟು, ಆದರೆ ಅಲ್ಲಿ ಅದು ಸಾಧ್ಯವಿಲ್ಲ. 2007ರ ಫೆಬ್ರವರಿಯಲ್ಲಿ ಲಿನಕ್ಸ್ 2.6.20ರೊಂದಿಗೆ ಬಂದ ಕೆವಿಎಂ ಗೆಸ್ಟಿನ ಆದೇಶಗಳನ್ನು ನೇರವಾಗಿ ಹೋಸ್ಟ್ ಪ್ರೊಸೆಸರಿನ ಮೇಲೆಯೇ ಓಡಿಸುತ್ತದೆ. ಎಕ್ಸ್86 ಆದೇಶ ಆರ್ಮ್ ಚಿಪ್ಪಿಗೆ ಅರ್ಥವಾಗುವುದಿಲ್ಲ. ಒಂದೇ ಎಕ್ಸ್86 ಬಳಗದ ಇಂಟೆಲ್ ಮತ್ತು ಎಎಂಡಿ ಯಂತ್ರಗಳ ನಡುವೆಯೇ ಸಾಗಿಸುವುದು ಎಚ್ಚರ ಬೇಡುವ ಕೆಲಸ, ಏಕೆಂದರೆ ಬೂಟ್ ಆಗುವಾಗ ಗೆಸ್ಟ್ ನೋಡಿಕೊಂಡ ಪ್ರೊಸೆಸರ್ ಸೌಲಭ್ಯಗಳ ಪಟ್ಟಿ ಅನಂತರ ಬದಲಾಗಬಾರದು. ಕೆವಿಎಂನಲ್ಲಿ ಓಡುತ್ತಿದ್ದ ಎಕ್ಸ್86 ಗೆಸ್ಟನ್ನು ಬೇರೆಡೆಯ ಟಿಸಿಜಿಗೆ ಸಾಗಿಸೋಣವೆಂದರೆ, ಕೆವಿಎಂ ಗಡಿಯಾರದ ಸ್ಥಿತಿ ಇರುವ 'ಕೆವಿಎಂಕ್ಲಾಕ್' ಎಂಬ ವಿಭಾಗ ಡೇಟಾದಲ್ಲಿ ಸಿಕ್ಕ ಕೂಡಲೇ ಟಿಸಿಜಿ ಕಡೆಯ ಕ್ಯೂಎಮು ಅದು ತನಗೆ ಗೊತ್ತಿಲ್ಲವೆಂದು ನಿಂತುಬಿಡುತ್ತದೆ. ಹಾಗೆ ನಿಲ್ಲುವುದೇ ಸರಿ.

ಹೋಸ್ಟಿನ ಗುಣ ಗೆಸ್ಟಿನ ಸ್ಥಿತಿಯೊಳಗೆ ನುಸುಳುವ ಜಾಗಗಳು ಟಿಸಿಜಿಯಲ್ಲೂ ಇವೆ, ನನ್ನ ಆಸಕ್ತಿ ಹೆಚ್ಚಾಗಿ ಇರುವುದು ಅಲ್ಲಿಯೇ. ಎಕ್ಸ್86ನ ಹಳೆಯ ಫ್ಲೋಟಿಂಗ್ ಪಾಯಿಂಟ್ ಘಟಕವಾದ ಎಕ್ಸ್87ರ ರಿಜಿಸ್ಟರುಗಳು 80 ಬಿಟ್ಟಿನವು. 80 ಬಿಟ್ಟಿನ ಸಂಖ್ಯೆಯೇ ಇಲ್ಲದ ಹೋಸ್ಟ್‌ಗಳ ಮೇಲೆ ಕ್ಯೂಎಮು ಒಂದು ಕಾಲದಲ್ಲಿ ಅವನ್ನು 64 ಬಿಟ್ಟಿಗೆ ಇಳಿಸಿಟ್ಟುಕೊಳ್ಳುತ್ತಿತ್ತು, ಯಾವ ರೂಪದಲ್ಲಿ ಬರೆಯಲಾಗಿದೆ ಎಂದು ತಿಳಿಸಲು ಮೈಗ್ರೇಶನ್ ಡೇಟಾದಲ್ಲಿ ಒಂದು ಪ್ರತ್ಯೇಕ ಅಂಕಿಯನ್ನೂ ಇಡಬೇಕಾಗಿತ್ತು. ಹಾಗೆ ಇಳಿಸಿದಾಗ ಕಳೆದುಹೋದ ಬಿಟ್ಟುಗಳು ಮತ್ತೆ ಸಿಗುವುದಿಲ್ಲ. ಆಮೇಲೆ ಎಲ್ಲ ಹೋಸ್ಟ್‌ಗಳಲ್ಲೂ ಈ ಲೆಕ್ಕವನ್ನು ಸಾಫ್ಟ್‌ವೇರಿನಲ್ಲಿಯೇ ಮಾಡಿ, 64 ಬಿಟ್ಟಿನ ಒಂದು ಭಾಗ ಮತ್ತು 16 ಬಿಟ್ಟಿನ ಇನ್ನೊಂದು ಭಾಗವಾಗಿ ಬರೆಯತೊಡಗಿದ ಮೇಲೆ ಆ ಭೇದವೇ ಹೋಯಿತು. ಆರ್ಮ್‌ನದು ಇನ್ನೊಂದು ಕಥೆ. ಹಳೆಯ ಆರ್ಮ್ ಪ್ರೊಸೆಸರುಗಳಲ್ಲಿ 1 ಕೆಬಿ ಅಳತೆಯ ಮೆಮೊರಿ ಪುಟಗಳಿದ್ದುದರಿಂದ, ಹೊಸ ಆರ್ಮ್ ಗೆಸ್ಟ್‌ಗಳ ಮೆಮೊರಿಯನ್ನೂ ಬಹಳ ಕಾಲ ಅಷ್ಟು ಸಣ್ಣ ತುಂಡುಗಳಾಗಿಯೇ ಲೆಕ್ಕ ಹಾಕಬೇಕಾಗಿತ್ತು. ಈಗ ಅಳತೆ ಓಡುವ ಹೊತ್ತಿಗೆ ನಿರ್ಧಾರವಾಗುತ್ತದೆ, ಆ ಅಳತೆ ಏನೆಂಬುದೂ ಡೇಟಾದ ಜೊತೆಗೇ ಹೋಗುತ್ತದೆ, ಹೊಂದದಿದ್ದರೆ ಸ್ವೀಕರಿಸುವ ಕಡೆ ನಿರಾಕರಿಸುತ್ತದೆ.

ಸಾಧನದ ಸ್ಥಿತಿಯನ್ನು ವರ್ಣಿಸಲು ಕ್ಯೂಎಮುವಿನಲ್ಲಿ ವಿಎಂಸ್ಟೇಟ್ ಎಂಬ ವ್ಯವಸ್ಥೆ ಇದೆ. ಈ ಫೀಲ್ಡ್ 32 ಬಿಟ್, ಇದು 64 ಬಿಟ್, ಇದು ಇಷ್ಟು ಉದ್ದದ ಸಾಲು ಎಂದು ಒಂದೊಂದನ್ನೂ ಹೆಸರಿಸಿ ಬರೆಯಬೇಕು. ಒಂದು ಹೋಸ್ಟಿನಲ್ಲಿ 32 ಬಿಟ್, ಇನ್ನೊಂದರಲ್ಲಿ 64 ಬಿಟ್ ಆಗುವ ಸಿ ಭಾಷೆಯ 'ಲಾಂಗ್' ಅನ್ನು ಇಲ್ಲಿ ನೆಚ್ಚುವಂತಿಲ್ಲ. ಇಡೀ ಸ್ಟ್ರಕ್ಚರನ್ನು (ಫೀಲ್ಡುಗಳ ಗುಂಪನ್ನು) ಬರಿಯ ಬೈಟುಗಳೆಂದು ಸಾಗಿಸಿದರೆ ಎಕ್ಸ್86ನಿಂದ ಎಕ್ಸ್86ಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಪ್ಪು ಬಯಲಾಗುವುದು ಬೈಟ್ ಕ್ರಮ ತಿರುವುಮುರುವಾಗಿರುವ ಎಸ್390ಎಕ್ಸ್ ಹೋಸ್ಟಿನ ಮೇಲೆ. ಹೀಗಾಗಿ ಅಂಥ ಒಂದು ಹೋಸ್ಟ್ ಪರೀಕ್ಷೆಯಲ್ಲಿ ಇರಲೇಬೇಕು ಎನ್ನುವವನು ನಾನು.

ನನ್ನ ದೋಷ ಇಷ್ಟು ಸೂಕ್ಷ್ಮವೂ ಆಗಿರಲಿಲ್ಲ. ನಾನೇ ಬರೆದ ಟೈಮರ್ ಸಾಧನದಲ್ಲಿ 'ಇಂಟರಪ್ಟ್ (ಸಾಧನ ಪ್ರೊಸೆಸರನ್ನು ಕರೆಯುವ ಸಂಕೇತ) ಬಾಕಿ ಇದೆ' ಎಂದು ಹೇಳುವ ಒಂದು ಬಿಟ್ಟನ್ನು ವಿಎಂಸ್ಟೇಟ್ ಪಟ್ಟಿಗೆ ಸೇರಿಸಲು ಮರೆತಿದ್ದೆ. ಟೈಮರ್ ಗಂಟೆ ಬಾರಿಸಿ, ಗೆಸ್ಟ್ ಅದಕ್ಕೆ ಓಗೊಡುವ ಮುನ್ನ ಇರುವ ಕಿರಿದಾದ ಅವಧಿಯಲ್ಲಿ ಸ್ಥಿತಿಯನ್ನು ಉಳಿಸಿದರೆ ಮಾತ್ರ ಇದು ತೊಡಕಾಗುತ್ತಿತ್ತು. ತೆರೆದ ಮೇಲೆ ಇಂಟರಪ್ಟ್ ಕಂಟ್ರೋಲರ್ ತನ್ನ ಸ್ಥಿತಿಯನ್ನು ಸರಿಯಾಗಿಯೇ ನೆನಪಿಟ್ಟುಕೊಂಡು ಕರೆಯುತ್ತದೆ, ಗೆಸ್ಟಿನ ಡ್ರೈವರ್ ಟೈಮರನ್ನು ಕೇಳಿದರೆ ತನ್ನದೇನೂ ಇಲ್ಲ ಎನ್ನುತ್ತದೆ, ಲೈನ್ ಮಾತ್ರ ಎದ್ದೇ ಇರುತ್ತದೆ. 1,00,000 ಕರೆಗಳಲ್ಲಿ 99,900ಕ್ಕಿಂತ ಹೆಚ್ಚಿನವನ್ನು ಯಾರೂ ತಮ್ಮದೆನ್ನದಿದ್ದರೆ ಲಿನಕ್ಸ್ ಆ ಇಂಟರಪ್ಟನ್ನೇ ಮುಚ್ಚಿಬಿಡುತ್ತದೆ. ಆಗ ಬರುವುದೇ ಆ ಸಂದೇಶ. ಎಕ್ಸ್86ನಿಂದ ಎಕ್ಸ್86ಗೆ ಸಾಗಿಸಿದ್ದರೂ ಇದೇ ಆಗುತ್ತಿತ್ತು.

ಆದ್ದರಿಂದ ಹೊಸ ಪ್ರೊಸೆಸರನ್ನೋ ಬೋರ್ಡನ್ನೋ ಎಮ್ಯುಲೇಟರಿಗೆ ಸೇರಿಸುವವರು ಮೈಗ್ರೇಶನ್ ಬೆಂಬಲವನ್ನು 'ಆಮೇಲೆ ನೋಡೋಣ' ಎಂದು ಬಿಡಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಇಂಥ ಹಳೆಯ ಬೋರ್ಡನ್ನು ಯಾರು ಮೈಗ್ರೇಟ್ ಮಾಡುತ್ತಾರೆ ಎಂಬ ಪ್ರಶ್ನೆ ಸಹಜವಾದದ್ದೇ, ಆದರೆ ಸ್ನ್ಯಾಪ್‌ಶಾಟ್ (ಯಂತ್ರದ ಆ ಕ್ಷಣದ ಸ್ಥಿತಿಯ ಉಳಿಸಿದ ಪ್ರತಿ) ತೆಗೆಯುವುದೂ ಇದೇ ದಾರಿಯಲ್ಲಿ, ಸ್ನ್ಯಾಪ್‌ಶಾಟನ್ನು ಡೀಬಗ್ ಮಾಡುವವರೆಲ್ಲ ಬಳಸುತ್ತಾರೆ. ಯಾವುದು ನಿಜವಾದ ಸ್ಥಿತಿ, ಯಾವುದು ಅದರಿಂದ ಮತ್ತೆ ಲೆಕ್ಕ ಹಾಕಿಕೊಳ್ಳಬಹುದಾದದ್ದು ಎಂಬುದು ಸಾಧನವನ್ನು ಬರೆದವರಿಗೆ ಬರೆದ ವಾರದಲ್ಲಿ ಸ್ಪಷ್ಟವಾಗಿರುತ್ತದೆ. ಮೂರು ವರ್ಷದ ಮೇಲೆ ಇನ್ನೊಬ್ಬರು ಅದನ್ನು ಕೋಡಿನಿಂದ ಹೆಕ್ಕಿ ತೆಗೆಯಬೇಕು. ಹೀಗೆ ತಡವಾಗಿ ಸೇರಿಸಿದ ಫೀಲ್ಡಿಗಾಗಿ ಆವೃತ್ತಿ ಸಂಖ್ಯೆಯನ್ನು ಏರಿಸಬೇಕು ಇಲ್ಲವೇ ಉಪವಿಭಾಗ ಮಾಡಬೇಕು, ಹಳೆಯ ಸ್ನ್ಯಾಪ್‌ಶಾಟುಗಳ ಗತಿಯನ್ನೂ ಯೋಚಿಸಬೇಕು. ಬರೆಯಲು ನಿಜಕ್ಕೂ ಸಮಯವಿಲ್ಲದಿದ್ದರೆ ವಿಎಂಸ್ಟೇಟ್‌ನಲ್ಲಿ 'ಅನ್‌ಮೈಗ್ರೇಟಬಲ್' ಎಂಬ ಗುರುತು ಹಾಕಲು ಅವಕಾಶವಿದೆ, ಹಾಕಿದರೆ ಮೈಗ್ರೇಶನ್ ಆರಂಭದಲ್ಲೇ ನಿರಾಕರಣೆ ಬರುತ್ತದೆ. ಏನೂ ಬರೆಯದೆ ಬಿಟ್ಟ ಸಾಧನ ಮಾತ್ರ ಯಾರಿಗೂ ಹೇಳದೆ ತನ್ನ ಸ್ಥಿತಿಯನ್ನು ಕಳೆದುಕೊಳ್ಳುತ್ತದೆ.

ಟೈಮರಿನ ತಿದ್ದುಪಡಿ ಒಂದೇ ಸಾಲಿನದ್ದು. ಅದರೊಂದಿಗೆ ನಾನು ಸೇರಿಸಿದ ಪರೀಕ್ಷೆ ಗೆಸ್ಟನ್ನು ಟೈಮರ್ ಇಂಟರಪ್ಟ್ ಎದ್ದ ಕ್ಷಣದಲ್ಲೇ ಬೇಕೆಂದು ನಿಲ್ಲಿಸಿ, ಸ್ಥಿತಿಯನ್ನು ಉಳಿಸಿ, ಮತ್ತೆ ತೆರೆದು, ಗಡಿಯಾರ ಮುಂದೆ ಸಾಗಿದೆಯೇ ಎಂದು ನೋಡುತ್ತದೆ. ಹಳೆಯ ಕೋಡಿನ ಮೇಲೆ ಅದು ಪ್ರತಿಸಲವೂ ಸೋಲುತ್ತದೆ.