ಸತ್ಯಾಂಶ: ಮುಂಗೈ ಊದಿದರೆ ಟಿಬಿ ಬಂತೆಂದಲ್ಲ

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಮಾತು: ಆಸ್ಪತ್ರೆಗೆ ಹೊಸದಾಗಿ ಸೇರಿದ ನರ್ಸ್, ಆಯಾಗಳಿಗೆ ಚರ್ಮದ ಪರೀಕ್ಷೆ ಪಾಸಿಟಿವ್ ಬಂದರೆ ಟಿಬಿ ಇದೆ, ದೂರವಿರಿ. ಇದು ತಪ್ಪು.

ಮಾಂಟೂ ಎಂಬ ಈ ಚರ್ಮದ ಪರೀಕ್ಷೆಯಲ್ಲಿ ಮುಂಗೈಗೆ ಚುಚ್ಚಿ, 48ರಿಂದ 72 ಗಂಟೆಯೊಳಗೆ ಗಟ್ಟಿ ಊತವನ್ನು ಅಳೆಯುತ್ತಾರೆ. ಬರೀ ಕೆಂಪಾದರೆ ಲೆಕ್ಕಕ್ಕಿಲ್ಲ. ಗಟ್ಟಿ ಊತ ಬಂದರೆ, ರೋಗಾಣು ಎಂದೋ ಮೈ ಸೇರಿರಬಹುದು ಎಂದಷ್ಟೇ ಅರ್ಥ. ಟಿಬಿ ತಡೆಗೆಂದು ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆಯಿಂದಲೂ ಊತ ಬರಬಹುದು. ರೋಗಾಣು ಮೈಯಲ್ಲಿದ್ದೂ ರೋಗ ತರದೆ ಸುಮ್ಮನಿರುವ ಸುಪ್ತ ಸೋಂಕು ಇನ್ನೊಬ್ಬರಿಗೆ ಹರಡುವುದೇ ಇಲ್ಲ. ಅಂಥವರಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಮಂದಿಗಷ್ಟೇ ಮುಂದೆಂದಾದರೂ ರೋಗ ಬರುತ್ತದೆ. ರೋಗವಿದೆಯೇ ಎಂದು ತಿಳಿಯಲು ಎದೆಯ ಎಕ್ಸ್‌ರೇ, ಕಫ ಪರೀಕ್ಷೆ ಬೇಕು.

ಸಂದೇಶ ಬಂದಾಗ ಯಾವ ಪರೀಕ್ಷೆ, ಯಾವಾಗ, ಹೇಳಿದವರು ಯಾರು ಎಂದು ಹುಡುಕಿ. ಹೆಚ್ಚಾಗಿ ಒಂದೂ ಸಿಗುವುದಿಲ್ಲ. ಕಳಿಸಿದವರದು ಕಾಳಜಿಯೇ ಇರಬಹುದು, ಬೈಯಬೇಕಿಲ್ಲ. ಕ್ಷಯರೋಗದ ಉಚಿತ ಸಹಾಯವಾಣಿ 1800-11-6666ಕ್ಕೆ ಯಾರು ಬೇಕಾದರೂ ಕರೆ ಮಾಡಿ ಕೇಳಬಹುದು.