ಸ್ಪಷ್ಟನೆ: ಕಲಿಮಾ ಹೇಳಿದರಷ್ಟೇ ಸಾಕೇ?

‘ಕಲಿಮಾ (ಅಲ್ಲಾಹನೊಬ್ಬನೇ ದೇವರು, ಮುಹಮ್ಮದರು ಅವನ ದೂತರು ಎಂಬ ವಿಶ್ವಾಸದ ಘೋಷಣೆ) ಹೇಳಿದವರಿಗೆ ಇಸ್ಲಾಮಿನಲ್ಲಿ ಸತ್ಕರ್ಮದ ಅಗತ್ಯವಿಲ್ಲ’ ಎಂಬ ಸಂದೇಶ ಹರಿದಾಡುತ್ತಿದ್ದು, ಅದು ಸರಿಯಲ್ಲ. ಮೂರೇ ವಚನಗಳಿರುವ, ಕುರ್‌ಆನಿನ 103ನೆಯ ಅಧ್ಯಾಯವು ನಷ್ಟದಿಂದ ಪಾರಾಗುವವರನ್ನು ಹೇಳುವಾಗ ವಿಶ್ವಾಸ, ಸತ್ಕರ್ಮ ಎರಡನ್ನೂ ಒಟ್ಟಿಗೇ ಹೇಳುತ್ತದೆ. 2ನೆಯ ಅಧ್ಯಾಯದ 177ನೆಯ ವಚನವಂತೂ, ಪ್ರಾರ್ಥನೆಯಲ್ಲಿ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡುವುದಷ್ಟೇ ಪುಣ್ಯವಲ್ಲವೆಂದು ಎಚ್ಚರಿಸಿ, ದೇವರಲ್ಲಿ ವಿಶ್ವಾಸದ ಜೊತೆಗೆ ಅನಾಥರಿಗೆ, ಬಡವರಿಗೆ, ದಾರಿಹೋಕರಿಗೆ ಧನ ಕೊಡುವುದನ್ನೂ ಕೊಟ್ಟ ಮಾತು ಉಳಿಸಿಕೊಳ್ಳುವುದನ್ನೂ ಎಣಿಸುತ್ತದೆ. ಗೊಂದಲದ ಮೂಲ ಬಹುಶಃ ಇಸ್ಲಾಮೀ ಧರ್ಮಶಾಸ್ತ್ರಜ್ಞ ಇಮಾಮ್ ಅಬೂ ಹನೀಫಾ (ನಿಧನ 767) ಅವರ ನಿಲುವು: ಕರ್ಮವು ಈಮಾನಿನ (ವಿಶ್ವಾಸದ) ವ್ಯಾಖ್ಯೆಯೊಳಗೆ ಸೇರದು ಎಂದರೂ, ನಮಾಜು, ಝಕಾತ್ (ಕಡ್ಡಾಯ ದಾನ) ಬಿಡುವುದು ಪಾಪವೆಂಬುದನ್ನು ಅವರು ಅಲ್ಲಗಳೆದಿರಲಿಲ್ಲ. ಹಾಗೆಂದು ಕರ್ಮವೊಂದೇ ಸ್ವರ್ಗ ಕೊಡಿಸುತ್ತದೆಂಬುದೂ ಸರಿಯಲ್ಲ. ಅಲ್ಲಾಹನ ಕರುಣೆಯಿಲ್ಲದೆ ತಮಗೂ ಅದು ಸಾಧ್ಯವಿಲ್ಲವೆಂದು ಪ್ರವಾದಿಯವರು ಹೇಳಿದ್ದು ಪ್ರವಾದಿವಚನಗಳ (ಹದೀಸ್) ಬುಖಾರಿ ಸಂಗ್ರಹದಲ್ಲಿದೆ.